ಖರ್ಚಿಲ್ಲದ ಗಿಫ್ಟ್: ಹಳೇ ಬಟ್ಟೆ, ರಟ್ಟಿನ ಡಬ್ಬ ಇಟ್ಕೊಂಡು ನಾನು ಮಾಡೋದು

ಕೈಲಿ ಮಾಡಿದ ಗಿಫ್ಟ್ ಅಂದ್ರೆ ಖರ್ಚು ಕಮ್ಮಿ ಅಂತ ಎಲ್ರೂ ಅನ್ಕೋತಾರೆ, ಆದ್ರೆ ಅದು ನಿಜ ಆಗೋದು ಸಾಮಾನು ಕೊಳ್ಳೋಕೆ ಹೋಗ್ದೇ ಇದ್ರೆ ಮಾತ್ರ. ಗ್ಲಿಟರ್, ರಿಬ್ಬನ್, ಬಣ್ಣದ ಪೇಪರ್, ಗ್ಲೂ ಗನ್ ಅಂತ ಒಂದೊಂದೇ ಸೇರಿಸ್ತಾ ಹೋದ್ರೆ ರೆಡಿಮೇಡ್ ಗಿಫ್ಟೇ ಅಗ್ಗ ಆಗತ್ತೆ, ಮಿಕ್ಕಿದ್ದು ಡಬ್ಬೀಲಿ ಒಣಗ್ತಾ ಕೂತಿರತ್ತೆ. ಅದಕ್ಕೇ ನಾನು ಮೊದ್ಲು ಮನೇಲಿ ಏನಿದೆ ನೋಡ್ತೀನಿ, ಹಳೇ ಜೀನ್ಸು, ಮಾಸಿದ ಕಾಟನ್ ಬೆಡ್‌ಶೀಟು, ಪಾರ್ಸಲ್ ಬಂದ ರಟ್ಟಿನ ಡಬ್ಬ, ಆಮೇಲೆ ಯಾರ್ಯಾರಿಗೆ ಕೊಡ್ಬೇಕು ಅಂತ ಬರ್ಕೊಂಡು ಅವ್ರು ದಿನಾ ಯಾವುದಕ್ಕೆ ಪರದಾಡ್ತಾರೆ ಅಂತ ಯೋಚ್ನೆ ಮಾಡ್ತೀನಿ. ಶೋಕೇಸಲ್ಲಿ ಇಡೋ ಪೇಪರ್ ಹೂವು, ಬಾಟ್ಲಿ ಪೇಂಟಿಂಗ್ ಎಲ್ಲ ನನಗೆ ಅಷ್ಟಕ್ಕಷ್ಟೇ, ಕೊಟ್ಟವರು ಮನೆಗೆ ಬರ್ತಾರೆ ಅಂದಾಗ ಮಾತ್ರ ಅವು ಹೊರಗೆ ಬರೋದು.

ಮಂಡಿ ನೋವು, ಕುತ್ತಿಗೆ ನೋವು ಅನ್ನೋ ಹಿರಿಯರಿಗೆ ಅಕ್ಕಿ ತುಂಬಿದ ಶಾಖದ ಚೀಲಕ್ಕಿಂತ ಒಳ್ಳೇದು ನನಗಂತೂ ಇನ್ನೂ ಸಿಕ್ಕಿಲ್ಲ. ಬಟ್ಟೆ ಪೂರ್ತಿ ಕಾಟನ್ನೇ ಆಗಿರ್ಬೇಕು, ದಾರ ಕೂಡ, ಪಾಲಿಯೆಸ್ಟರ್ ಆದ್ರೆ ಬಿಸಿಗೆ ಕರಗೋ ಚಾನ್ಸ್ ಇರತ್ತೆ, ಜಿಪ್ಪು, ಲೋಹದ ಗುಂಡಿ ಅಂತೂ ಬೇಡ್ವೇ ಬೇಡ ಯಾಕಂದ್ರೆ ಇದು ಮೈಕ್ರೋವೇವ್ ಒಳಗೆ ಹೋಗತ್ತೆ. ಕುತ್ತಿಗೆಗಾದ್ರೆ ಸುಮಾರು 45 ಸೆಂ.ಮೀ. ಉದ್ದ, 15 ಅಗಲ, ಮಂಡಿಗೆ 20ಕ್ಕೆ 20 ಸಾಕು. ಮೂರು ಕಡೆ ಹೊಲಿದು ಬೇಯಿಸದ ಒಣ ಅಕ್ಕಿ ತುಂಬೋದು, ಆದ್ರೆ ಒಟ್ಟಿಗೆ ಸುರೀಬೇಡಿ, ಸ್ವಲ್ಪ ತುಂಬಿ ಅಡ್ಡ ಹೊಲಿಗೆ ಹಾಕಿ, ಮತ್ತೆ ತುಂಬಿ ಮತ್ತೆ ಹೊಲಿಗೆ, ಹೀಗೆ ಮೂರ್ನಾಲ್ಕು ಖಾನೆ ಮಾಡಿದ್ರೆ ಅಕ್ಕಿಯೆಲ್ಲ ಒಂದೇ ತುದಿಗೆ ಜಾರಲ್ಲ. ಪ್ರತಿ ಖಾನೆಯೂ ಮುಕ್ಕಾಲಿಗಿಂತ ಕಮ್ಮೀನೇ ತುಂಬಿರ್ಲಿ, ಗಟ್ಟಿಯಾಗಿ ತುಂಬಿದ್ರೆ ಅದು ಮೈಗೆ ಒರಗಲ್ಲ. ಅಕ್ಕಿ ಒದ್ದೆ ಮಾಡೋ ಹಾಗಿಲ್ವಲ್ಲ, ಅದಕ್ಕೆ ಮೇಲೆ ದಿಂಬಿನ ಕವರ್ ಥರ ಇನ್ನೊಂದು ಚೀಲ ಹೊಲಿದ್ರೆ ಅದನ್ನ ಮಾತ್ರ ತೆಗೆದು ಒಗೀಬಹುದು. ಬಿಸಿ ಮಾಡೋವಾಗ ಪಕ್ಕದಲ್ಲಿ ಒಂದು ಲೋಟ ನೀರಿಟ್ಟು ಒಂದು ನಿಮಿಷ, ತೆಗೆದು ಕೊಡವಿ ಮುಟ್ಟಿ ನೋಡಿ, ಸಾಲ್ದಿದ್ರೆ ಇನ್ನರ್ಧ ನಿಮಿಷ. ಒಂದ್ಸಲ ಶಾಖ ಕೊಟ್ಟಾದ್ಮೇಲೆ ಪೂರ್ತಿ ಆರೋ ತನಕ ಮತ್ತೆ ಬಿಸಿ ಮಾಡ್ಬಾರ್ದು, ಅಕ್ಕಿ ಸೀದು ಹೋಗತ್ತೆ. ಶುಗರ್ ಇದ್ದು ಪಾದದಲ್ಲಿ ಸ್ಪರ್ಶ ಕಮ್ಮಿ ಆಗಿರೋರಿಗೆ ಪಾದದ ಮೇಲೆ ಇಡ್ಬೇಡಿ ಅಂತ ನಾನು ಕೊಡೋವಾಗ್ಲೇ ಹೇಳ್ಬಿಡ್ತೀನಿ, ಸುಟ್ಟಿದ್ದೂ ಗೊತ್ತಾಗಲ್ಲ ಅವ್ರಿಗೆ.

ಕನ್ನಡಕ ಎಲ್ಲಿಟ್ಟೆ ಅಂತ ಹುಡುಕೋರಿಗೆ ಜೀನ್ಸ್ ಪೌಚು. ಪ್ಯಾಂಟಿನ ಕಾಲಿನ ತುದೀಲಿ ಆಲ್ರೆಡಿ ಮಡಚಿ ಹೊಲಿದಿರತ್ತಲ್ಲ, ಆ ಭಾಗನೇ ಪೌಚಿನ ಬಾಯಿ ಮಾಡ್ಕೊಂಡ್ರೆ ಅರ್ಧ ಕೆಲಸ ಮುಗೀತು. ಒಳಗೆ ಹಳೇ ಟೀ ಶರ್ಟ್ ಬಟ್ಟೆ ಲೈನಿಂಗ್ ಕೊಡಿ, ಗಾಜಿಗೆ ಗೀರು ಬೀಳಲ್ಲ. ಮಿಷಿನ್ನಲ್ಲಿ ಹೊಲಿಯೋದಾದ್ರೆ 16 ನಂಬರ್ ಸೂಜಿ ಹಾಕ್ಕೊಳ್ಳಿ, ಎರಡು ಹೊಲಿಗೆ ಸೇರೋ ದಪ್ಪ ಜಾಗನ ಮೊದ್ಲು ಸುತ್ತಿಗೇಲಿ ನಾಲ್ಕು ಏಟು ಕೊಟ್ಟು ಚಪ್ಪಟೆ ಮಾಡಿ, ಇಲ್ಲಾಂದ್ರೆ ಸೂಜಿ ಟಕ್ ಅಂತ ಮುರಿಯತ್ತೆ.

ಮಕ್ಕಳ ವಿಷ್ಯಕ್ಕೆ ಬಂದ್ರೆ ಜೋಡಿ ಹುಡುಕೋ ಕಾರ್ಡ್ ಆಟ, ಅದೇ ಕಾರ್ಡೆಲ್ಲ ಬೋರಲಾಗಿ ಹಾಕಿ ಎರಡೆರಡು ತಿರುವಿ ನೋಡೋದು. ರಟ್ಟನ್ನ 6 ಸೆಂ.ಮೀ. ಚೌಕ ಚೌಕ ಕಟ್ ಮಾಡಿ ಎರಡೆರಡರ ಮೇಲೆ ಒಂದೇ ಚಿತ್ರ ಅಂಟಿಸೋದು, ಅಷ್ಟೇ. ನಾನು ಅಂಟಿಸೋದು ಮನೆಯವ್ರ ಫೋಟೋಗಳ್ನೇ, ಅಜ್ಜಿ, ಮಾವ, ಪಕ್ಕದ್ಮನೆ ಬೆಕ್ಕು, ಒಂದು ಶೀಟಲ್ಲಿ ಚಿಕ್ಕದಾಗಿ ಎಲ್ಲಾನೂ ಪ್ರಿಂಟ್ ತೆಗೆಸಿದ್ರೆ ಮುಗೀತು, ದೂರ ಇರೋ ನೆಂಟರ ಮುಖ ಮಕ್ಕಳಿಗೆ ಗುರುತು ಸಿಗೋಕೂ ಇದು ಚೆನ್ನಾಗಿದೆ. ಇಲ್ಲಿ ಕಣ್ಣಿಟ್ಟು ಮಾಡ್ಬೇಕಾಗಿರೋದು ಚಿತ್ರ ಅಲ್ಲ, ಹಿಂಭಾಗ. ಡಬ್ಬದ ಮೇಲಿನ ಅಕ್ಷರ, ಕಲೆ, ಮಡಿಕೆ ಏನೇ ಕಾಣಿಸಿದ್ರೂ ಮಕ್ಕಳು ಅದನ್ನೇ ಗುರುತಿಟ್ಕೊಂಡು ಗೆಲ್ತಾರೆ (ದೊಡ್ಡೋರಿಗಿಂತ ಅವ್ರ ಕಣ್ಣು ಚುರುಕು), ಅದಕ್ಕೆ ಎಲ್ಲಾದಕ್ಕೂ ಹಿಂದೆ ಒಂದೇ ಥರದ ಪ್ಲೇನ್ ಪೇಪರ್ ಹಚ್ಚಿ. ಮೂರು ವರ್ಷದ ಮಗೂಗೆ 6 ಜೋಡಿ ಸಾಕು, ಐದಾರು ವರ್ಷ ಆದ್ಮೇಲೆ 12 ಜೋಡಿ. ಒಂದೇ ಸಲ ಜಾಸ್ತಿ ಜೋಡಿ ಕೊಟ್ರೆ ಆಟ ಬಿಟ್ಟು ಕಾರ್ಡಲ್ಲಿ ಮನೆ ಕಟ್ತಾರೆ, ಅದೂ ಪರ್ವಾಗಿಲ್ಲ ಬಿಡಿ.

ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕಾಲುಚೀಲದ ಬೊಂಬೆ ಮಾಡಿದ್ರೆ ಕಣ್ಣಿಗೆ ಗುಂಡಿ ಹಾಕ್ಬೇಡಿ, ದಾರದಲ್ಲೇ ಕಸೂತಿ ಥರ ಕಣ್ಣು ಹೊಲೀರಿ. ಟಾಯ್ಲೆಟ್ ಪೇಪರ್ ರೋಲಿನ ಒಳಗಿನ ರಟ್ಟಿನ ಕೊಳವೆ ಇರತ್ತಲ್ಲ, ಅದ್ರೊಳಗೆ ತೂರೋ ಯಾವುದೇ ವಸ್ತು ಆ ವಯಸ್ಸಿನ ಮಗೂಗೆ ಗಂಟಲಲ್ಲಿ ಸಿಕ್ಕಾಕ್ಕೊಳ್ಳೋ ವಸ್ತು ಅಂತಾನೇ ಲೆಕ್ಕ. ಉದ್ದುದ್ದ ದಾರ, ರಿಬ್ಬನ್ ನೇತಾಡೋದೂ ಬೇಡ, ಕುತ್ತಿಗೆಗೆ ಸುತ್ಕೊಳ್ಳತ್ತೆ.

ಮಕ್ಕಳ ಕೈಲೇ ಏನಾದ್ರೂ ಮಾಡಿಸಿ ಅಜ್ಜ ಅಜ್ಜಿಗೆ ಕೊಡ್ಬೇಕು ಅಂದ್ರೆ ಉಪ್ಪು ಹಿಟ್ಟು: ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ನೀರು ಒಂದು ಕಪ್ ತನಕ ಸ್ವಲ್ಪ ಸ್ವಲ್ಪಾನೇ. ಅರ್ಧ ಸೆಂ.ಮೀ. ದಪ್ಪ ಲಟ್ಟಿಸಿ ಅಂಗೈ ಅಚ್ಚು ಒತ್ತಿಸಿ, ನೇತು ಹಾಕೋ ತೂತು ಹಸಿ ಇರೋವಾಗ್ಲೇ ಸ್ಟ್ರಾದಲ್ಲಿ ಮಾಡ್ಬೇಕು, ಒಣಗಿದ್ಮೇಲೆ ಕೊರೆಯೋಕೆ ಹೋದ್ರೆ ಒಡೆಯತ್ತೆ. ಓವನ್ ಇದ್ರೆ 100 ಡಿಗ್ರೀಲಿ ಎರಡ್ಮೂರು ಗಂಟೆ, ಇಲ್ಲಾಂದ್ರೆ ನೆರಳಲ್ಲಿ ದಿನಾ ತಿರುವಿ ಹಾಕ್ತಾ ಕೆಲವು ದಿನ. ಎರಡೂ ಕಡೆ ವಾರ್ನಿಷ್ ಹೊಡೀಲೇಬೇಕು, ಉಪ್ಪು ಗಾಳೀಲಿರೋ ತೇವ ಎಳ್ಕೊಂಡು ಮೆತ್ತಗಾಗತ್ತೆ. ಮನೇಲಿ ನಾಯಿ ಇದ್ರೆ ಎತ್ತರದಲ್ಲಿಡಿ, ಅಷ್ಟು ಉಪ್ಪು ನಾಯಿ ತಿಂದ್ರೆ ಜೀವಕ್ಕೇ ಅಪಾಯ.

ಏನೂ ಮಾಡೋಕೆ ಟೈಮಿಲ್ಲ ಅಂದ್ರೆ ಕೂಪನ್ ಬುಕ್. ಚೀಟಿಗಳ ಮೇಲೆ ಇವತ್ತು ಇನ್ನೊಂದು ಕಥೆ, ಇವತ್ತು ಅರ್ಧ ಗಂಟೆ ಲೇಟಾಗಿ ಮಲಗ್ಬಹುದು, ಇವತ್ತು ಊಟಕ್ಕೆ ಏನು ಅಂತ ನೀನೇ ಹೇಳು ಅಂತ ಬರೆದು ಪಿನ್ ಹೊಡೆದು ಕೊಡೋದು, ಮಕ್ಕಳು ಇದನ್ನ ಹಣಕ್ಕಿಂತ ಜೋಪಾನ ಮಾಡ್ತಾರೆ. ದಿನಕ್ಕೆ ಒಂದೇ ಅಂತ ಅಟ್ಟೆ ಮೇಲೆ ಬರೀರಿ, ಬರೀದಿದ್ರೆ ಲೇಟಾಗಿ ಮಲಗೋ ಚೀಟಿ ಎಲ್ಲಾ ಒಂದೇ ರಾತ್ರಿ ಹೊರಗೆ ಬರತ್ತೆ.

ತುಂಬಾ ಜನಕ್ಕೆ ಕೊಡೋದಿದ್ರೆ ಒಬ್ಬೊಬ್ರಿಗೆ ಒಂದೊಂದು ಹೊಸ ಐಡಿಯಾ ಹುಡುಕ್ಬೇಡಿ, ದುಡ್ಡು ಉಳಿದ್ರೂ ಟೈಮ್ ಪೂರ್ತಿ ಅದಕ್ಕೇ ಹೋಗತ್ತೆ. ನಾನು ಒಂದು ಸಲಕ್ಕೆ ಒಂದೇ ಐಟಂ ಹಿಡೀತೀನಿ, ಒಂದಿನ ಎಲ್ಲಾನೂ ಕಟಿಂಗ್, ಇನ್ನೊಂದಿನ ಎಲ್ಲಾ ಹೊಲಿಗೆ, ಬಟ್ಟೆ ಬಣ್ಣ ಮಾತ್ರ ಅವರವರಿಗೆ ಇಷ್ಟ ಆಗೋ ಹಾಗೆ ಬದಲಾಯಿಸ್ತೀನಿ, ಹೆಸರಿನ ಮೊದಲ ಅಕ್ಷರ ಮೂಲೇಲಿ ಹೊಲೀತೀನಿ. ಸುತ್ತೋಕೆ ಹಳೇ ಪೇಪರ್ ಸಾಕು. ಒಳಗೆ ಒಂದು ಚೀಟಿ ಇಡೋದನ್ನ ಮಾತ್ರ ಮರೀಬೇಡಿ, ಹೇಗೆ ಒಗೀಬೇಕು, ಎಷ್ಟು ನಿಮಿಷ ಬಿಸಿ ಮಾಡ್ಬೇಕು ಅಂತ ದೊಡ್ಡ ಅಕ್ಷರದಲ್ಲಿ, ಕನ್ನಡಕ ಇಲ್ದೇ ಓದೋ ಹಾಗಿರ್ಲಿ.