ಬ್ರಿಟನ್ ಬಿಟ್ಟು ಆಸ್ಟ್ರೇಲಿಯಾಕ್ಕೆ ಬರುವವರಿಗೆ: ಇಲ್ಲಿ ಏನು ನಡೆಯುತ್ತೆ, ಏನು ನಡೆಯಲ್ಲ

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ನೇರವಾಗಿ ಆಸ್ಟ್ರೇಲಿಯಾಕ್ಕೆ ಬರುವವರು ಪ್ರತಿಯೊಂದನ್ನೂ ಕೇಳಿ ತಿಳಿದುಕೊಳ್ಳುತ್ತಾರೆ. ಬ್ರಿಟನ್‌ನಲ್ಲಿ ಆರೇಳು ವರ್ಷ ಇದ್ದು ಬರುವವರು ಕೇಳುವುದೇ ಕಡಿಮೆ. ಅದೇ ಇಂಗ್ಲಿಷ್, ಅದೇ ಎಡಗಡೆ ಡ್ರೈವಿಂಗ್, ನಾಣ್ಯದ ಮೇಲೆ ಅದೇ ರಾಜ. ಇನ್ನೇನು ಮಹಾ ವ್ಯತ್ಯಾಸ ಇರುತ್ತೆ ಅನ್ನೋ ಧೈರ್ಯ. ಮೆಲ್ಬರ್ನ್‌ನ ಪಶ್ಚಿಮಕ್ಕೆ, ಟಾರ್ನೀಟ್, ಪಾಯಿಂಟ್ ಕುಕ್ ಕಡೆ, ಹೀಗೆ ಎರಡನೇ ಸಲ ಗಂಟುಮೂಟೆ ಕಟ್ಟಿ ಬಂದ ಕನ್ನಡದ ಮನೆಗಳು ಸಾಕಷ್ಟಿವೆ. ಬ್ರಿಟನ್‌ನಲ್ಲಿ ಕಷ್ಟಪಟ್ಟು ಗಳಿಸಿಕೊಂಡಿದ್ದರಲ್ಲಿ ಕೆಲವು ಇಲ್ಲಿ ಹಾಗೇ ನಡೆಯುತ್ತವೆ, ಕೆಲವಕ್ಕೆ ಬೆಲೆಯೇ ಇಲ್ಲ. ಯಾವುದು ಯಾವುದು ಅಂತ ಹೊರಡುವ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಯಾಕೆಂದರೆ ಬಹಳಷ್ಟು ಕೆಲಸಗಳನ್ನು ಅಲ್ಲಿದ್ದಾಗಲೇ ಮುಗಿಸಬೇಕು.

ಮೊದಲು ಪಾಸ್‌ಪೋರ್ಟ್ ವಿಷಯ

ವೀಸಾ ಬಗ್ಗೆ ಯೋಚಿಸುವ ಮೊದಲು ನಿಮ್ಮ ಕೈಯಲ್ಲಿರುವುದು ಏನು ನೋಡಿ. ಬ್ರಿಟಿಷ್ ಪಾಸ್‌ಪೋರ್ಟಾ, ಅಥವಾ ಭಾರತದ ಪಾಸ್‌ಪೋರ್ಟ್ ಜೊತೆಗೆ ಐಎಲ್‌ಆರಾ? ಐಎಲ್‌ಆರ್ (ಬ್ರಿಟನ್‌ನಲ್ಲಿ ಅವಧಿಯ ಮಿತಿ ಇಲ್ಲದೆ ನೆಲೆಸುವ ಅನುಮತಿ) ಅಂದರೆ ಶಾಶ್ವತ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಸತತವಾಗಿ 2 ವರ್ಷ ಬ್ರಿಟನ್‌ನಿಂದ ಹೊರಗಿದ್ದರೆ ಅದು ಹೋಯಿತು. ಆಸ್ಟ್ರೇಲಿಯಾ ಸರಿಬರಲಿಲ್ಲ, ವಾಪಸ್ ಹೋಗೋಣ ಅಂತ ಮೂರನೇ ವರ್ಷದಲ್ಲಿ ಅನ್ನಿಸಿದರೆ ಬಾಗಿಲು ಮುಚ್ಚಿರುತ್ತದೆ. ಬ್ರಿಟಿಷ್ ಪೌರತ್ವಕ್ಕೆ ಆ ಭಯ ಇಲ್ಲ. ಆಸ್ಟ್ರೇಲಿಯಾ 2002ರಿಂದ ತನ್ನ ಪ್ರಜೆಗಳಿಗೆ ಎರಡು ಪೌರತ್ವ ಇಟ್ಟುಕೊಳ್ಳಲು ಬಿಟ್ಟಿದೆ, ಬ್ರಿಟನ್ ಕೂಡ ಬಿಡುತ್ತದೆ. ಭಾರತ ಬಿಡಲ್ಲ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡ್) ಮಾಡಿಸುವುದು ಇಂದಲ್ಲ ನಾಳೆ ಇದ್ದದ್ದೇ.

ಐಎಲ್‌ಆರ್ ಸಿಕ್ಕ ಮೇಲೆ ಸಾಮಾನ್ಯವಾಗಿ 12 ತಿಂಗಳು ಕಾದು ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ ಆ ಅರ್ಜಿಯಲ್ಲಿ, ಮುಂದೆಯೂ ಬ್ರಿಟನ್‌ನಲ್ಲೇ ನೆಲೆಸುವ ಉದ್ದೇಶ ಇದೆಯೇ ಎಂದು ಕೇಳುತ್ತಾರೆ. ಕಂಟೇನರ್ ಬುಕ್ ಮಾಡಿ ಇಟ್ಟುಕೊಂಡು ಅಲ್ಲಿ ಹೌದು ಅಂತ ಟಿಕ್ ಹಾಕುವ ಹಾಗಿಲ್ಲ. ಮನಸ್ಸಿನಲ್ಲಿ ಎರಡೂ ದಾರಿ ತೆರೆದಿರುವಾಗಲೇ, ಅಂದರೆ ಆಸ್ಟ್ರೇಲಿಯಾದ ಅರ್ಜಿ ಹಾಕುವುದಕ್ಕೂ ಮೊದಲೇ, ಪೌರತ್ವದ ಕೆಲಸ ಮುಗಿದಿದ್ದರೆ ವಾಸಿ. ನನ್ನ ಅಭಿಪ್ರಾಯ ಕೇಳಿದರೆ, ವಯಸ್ಸು ಮೀರುತ್ತಿಲ್ಲ ಅಂದರೆ ಪೌರತ್ವ ಸಿಕ್ಕ ಮೇಲೇ ಆಸ್ಟ್ರೇಲಿಯಾದ ಯೋಚನೆ ಶುರು ಮಾಡಿ.

ವಯಸ್ಸು ಯಾಕೆ ಅಂದೆ ಅಂದರೆ, ವಯಸ್ಸು, ಇಂಗ್ಲಿಷ್, ಅನುಭವಕ್ಕೆ ಅಂಕ ಕೊಟ್ಟು ಆರಿಸುವ ಇಲ್ಲಿನ ಪಾಯಿಂಟ್ಸ್ ವೀಸಾಗಳಲ್ಲಿ (189, 190, 491) ಅದೇ ದೊಡ್ಡ ಲೆಕ್ಕ. 25ರಿಂದ 32 ವಯಸ್ಸಿಗೆ 30 ಪಾಯಿಂಟ್, 39ರವರೆಗೆ 25, 44ರವರೆಗೆ 15. 45 ತುಂಬಿದರೆ ಆ ದಾರಿ ಬಂದ್. ಕನಿಷ್ಠ 65 ಬೇಕು, ನಿಜಕ್ಕೂ ಅರ್ಜಿ ಹಾಕಲು ಕರೆ ಬರಬೇಕಾದರೆ ಅದಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೆ ಇಂಗ್ಲಿಷ್ ಪರೀಕ್ಷೆ ಬೇಡ ಅಂತ ಹೇಳುವುದನ್ನು ಕೇಳಿರುತ್ತೀರಿ. ಅರ್ಧ ಸತ್ಯ. ಪರೀಕ್ಷೆ ಇಲ್ಲದೆ ಅರ್ಜಿ ಹಾಕಬಹುದು, ಆದರೆ ಇಂಗ್ಲಿಷಿಗೆ ಒಂದು ಪಾಯಿಂಟೂ ಸಿಗಲ್ಲ. ಪಿಟಿಇಯೋ ಐಇಎಲ್‌ಟಿಎಸ್ಸೋ, ಯಾವುದಾದರೊಂದು ಇಂಗ್ಲಿಷ್ ಪರೀಕ್ಷೆ ಬರೆದು ಮೇಲಿನ ದರ್ಜೆ ತಂದರೆ 20 ಪಾಯಿಂಟ್ ಸಿಗುತ್ತದೆ. ಸುಮ್ನೆ ಬಿಡಬೇಡಿ.

ಐಟಿಯವರಿಗೆ ಒಂದು ಮಾತು. ನಿಮ್ಮ ಅನುಭವವನ್ನು ಎಸಿಎಸ್ (ಐಟಿಯವರ ಅರ್ಹತೆ ಅಳೆಯುವ ಇಲ್ಲಿನ ಸಂಸ್ಥೆ) ಅಳೆಯುವಾಗ ಮೊದಲ ಕೆಲವು ವರ್ಷಗಳನ್ನು ಕಳೆದು ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಬರೀ ಎಕ್ಸ್‌ಪೀರಿಯನ್ಸ್ ಲೆಟರ್ ಸಾಲದು, ನೀವು ಏನು ಕೆಲಸ ಮಾಡುತ್ತಿದ್ದಿರಿ ಅಂತ ವಿವರ ಬರೆದಿರಬೇಕು. ಬೆಂಗಳೂರಿನ ಹಳೇ ಕಂಪನಿಯಿಂದ ಹತ್ತು ವರ್ಷದ ಹಿಂದಿನ ಕೆಲಸಕ್ಕೆ ಅಂಥ ಪತ್ರ ತರಿಸುವುದು ಎಷ್ಟು ಕಷ್ಟ ಅಂತ ತರಿಸಿದವರಿಗೇ ಗೊತ್ತು. ಇವತ್ತೇ ಶುರು ಮಾಡಿ. ವೈದ್ಯರ ಸ್ಥಿತಿ ಇದಕ್ಕಿಂತ ವಾಸಿ. ಹೊರದೇಶದ ವೈದ್ಯರಿಗೆ ಬ್ರಿಟನ್ ನಡೆಸುವ ಪ್ಲ್ಯಾಬ್ ಪರೀಕ್ಷೆ ಪಾಸಾಗಿ ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ಒಂದು ವರ್ಷವಾದರೂ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದವರಿಗೆ ಕಾಂಪಿಟೆಂಟ್ ಅಥಾರಿಟಿ ಎಂಬ ದಾರಿ ಇದೆ, ಇಲ್ಲಿನ ವೈದ್ಯಕೀಯ ಮಂಡಳಿಯ ಎಎಂಸಿ ಪರೀಕ್ಷೆ ಮತ್ತೆ ಬರೆಯಬೇಕಾಗಿಲ್ಲ.

ಪೊಲೀಸ್ ಸರ್ಟಿಫಿಕೇಟ್ ಬ್ರಿಟನ್ನಿಗೆ ಅಲ್ಲಿನ ಪೊಲೀಸ್ ದಾಖಲೆ ಕಚೇರಿ ಎಕ್ರೋದಿಂದ. ಕಳೆದ 10 ವರ್ಷದಲ್ಲಿ ಒಟ್ಟು 12 ತಿಂಗಳು ಭಾರತದಲ್ಲಿ ಇದ್ದಿದ್ದರೆ ಅಲ್ಲಿಂದಲೂ ಬೇಕು. ಪಿಆರ್ (ಆಸ್ಟ್ರೇಲಿಯಾದ ಖಾಯಂ ವೀಸಾ) ಬಂದ ಮೇಲೆ ಪತ್ರದಲ್ಲಿ ಮೊದಲ ಪ್ರವೇಶದ ದಿನಾಂಕ ಇದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ. ಇನ್ನೊಂದು ದಿನಾಂಕವೂ ಇದೆ: ಪಿಆರ್ ಮೇಲೆ ಹೊರದೇಶಕ್ಕೆ ಹೋಗಿ ಬರುವ ಅನುಮತಿ 5 ವರ್ಷಕ್ಕೆ ಮಾತ್ರ. ಅದು ಮುಗಿದದ್ದು ಗೊತ್ತಾಗದೆ ಊರಿಗೆ ಹೋದರೆ ವಾಪಸ್ ಬರಲು ಬೇರೆ ವೀಸಾ ಮಾಡಿಸಬೇಕು.

ದುಡ್ಡಿನ ಲೆಕ್ಕ

ಬ್ರಿಟನ್‌ನ ಕ್ರೆಡಿಟ್ ಸ್ಕೋರ್ ಹೀಥ್ರೋದಲ್ಲೇ ಉಳಿಯುತ್ತದೆ. ಅದಕ್ಕಿಂತ ಮುಖ್ಯ ಪಿಂಚಣಿ. ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಲ್ಲಿ ಕಡಿಯುವ ವಂತಿಗೆ) ಸಾಮಾನ್ಯವಾಗಿ 10 ವರ್ಷವಾದರೂ ಕಟ್ಟಿರದಿದ್ದರೆ ಸ್ಟೇಟ್ ಪೆನ್ಷನ್ ಒಂದು ಪೆನ್ನಿಯೂ ಬರಲ್ಲ. ಕಡಿಮೆ ಬಿದ್ದ ವರ್ಷಗಳನ್ನು ಹೊರದೇಶದಿಂದ ಕಟ್ಟಿ ತುಂಬಿಸುವ ನಿಯಮವನ್ನು 2026ರ ಏಪ್ರಿಲ್‌ನಿಂದ ಬಿಗಿ ಮಾಡಿದ್ದಾರೆ. ಹಾಗಾಗಿ 8 ವರ್ಷವೋ 9 ವರ್ಷವೋ ಆಗಿದ್ದರೆ ಹೊರಡುವ ತಿಂಗಳನ್ನು ಲೆಕ್ಕ ಹಾಕಿ ಆರಿಸಿ. ಬಂದರೂ, ಆಸ್ಟ್ರೇಲಿಯಾದಲ್ಲಿ ಇರುವವರಿಗೆ ಆ ಪಿಂಚಣಿ ವರ್ಷ ವರ್ಷ ಏರುವುದಿಲ್ಲ, ಶುರುವಾದ ಮೊತ್ತದಲ್ಲೇ ನಿಲ್ಲುತ್ತದೆ. ಕಂಪನಿಯ ಪಿಂಚಣಿಯನ್ನು ಇಲ್ಲಿನ ಸೂಪರ್‌ಗೆ (ಕಂಪನಿ ನಿಮ್ಮ ಹೆಸರಲ್ಲಿ ಕಟ್ಟುವ ನಿವೃತ್ತಿ ನಿಧಿ) ತರುವುದು 55 ತುಂಬುವವರೆಗೆ ಹೆಚ್ಚು ಕಡಿಮೆ ಆಗದ ಮಾತು. ಅಲ್ಲೇ ಇರಲಿ, ಲಾಗಿನ್ ಮತ್ತು ವಿಳಾಸ ಮಾತ್ರ ಸರಿಯಾಗಿಟ್ಟುಕೊಳ್ಳಿ. ಅದಕ್ಕೇ ಬ್ರಿಟನ್‌ನ ಸಿಮ್ ಕಾರ್ಡನ್ನು ಅಗ್ಗದ ಪ್ಲ್ಯಾನ್‌ನಲ್ಲಿ ಜೀವಂತ ಇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.

ಐಎಸ್‌ಎ ಬ್ರಿಟನ್‌ನಲ್ಲಿ ತೆರಿಗೆ ಇಲ್ಲದ ಖಾತೆ. ಇಲ್ಲಿನ ತೆರಿಗೆ ಇಲಾಖೆಗೆ ಅದು ಮಾಮೂಲಿ ಹೂಡಿಕೆ ಅಷ್ಟೆ, ಆದಾಯಕ್ಕೆ ತೆರಿಗೆ ಬೀಳುತ್ತದೆ. ಪಿಆರ್ ಮೇಲೆ ಬಂದು ಇಲ್ಲಿ ನೆಲೆಸಿದ ದಿನದಿಂದ ನಿಮ್ಮ ಪ್ರಪಂಚದ ಎಲ್ಲ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಮೈಸೂರಿನ ಮನೆ ಬಾಡಿಗೆಯೂ ಸೇರಿ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಸಿಗುತ್ತದೆ, ಆದರೆ ತೋರಿಸಲೇಬೇಕು. ಊರಿನಲ್ಲಿ ಸೈಟೋ ಫ್ಲ್ಯಾಟೋ ಇದ್ದವರು ಒಂದು ಕೆಲಸ ಮಾಡಿ: ನೀವು ಇಲ್ಲಿನ ತೆರಿಗೆ ನಿವಾಸಿ ಆದ ದಿನಕ್ಕೆ ಅದರ ಮಾರುಕಟ್ಟೆ ಬೆಲೆ ಎಷ್ಟಿತ್ತು ಅಂತ ವ್ಯಾಲ್ಯುಯೇಷನ್ ರಿಪೋರ್ಟ್ ಮಾಡಿಸಿಡಿ. ಮುಂದೆ ಮಾರಿದಾಗ ಆಸ್ಟ್ರೇಲಿಯಾ ಲಾಭ ಎಣಿಸುವುದು ಆ ಬೆಲೆಯಿಂದ, ಕೊಂಡ ಬೆಲೆಯಿಂದ ಅಲ್ಲ. ಹೆಬ್ಬಾಳದಲ್ಲಿ ಹದಿನೈದು ವರ್ಷದ ಹಿಂದೆ ಕೊಂಡ ಸೈಟಿಗೆ ಇದು ಎಷ್ಟು ವ್ಯತ್ಯಾಸ ಮಾಡುತ್ತೆ ಅಂತ ನೀವೇ ಗುಣಿಸಿ ನೋಡಿ.

ಇಲ್ಲಿನ ತೆರಿಗೆ ವರ್ಷ ಜುಲೈ 1ರಿಂದ ಜೂನ್ 30. ಬ್ರಿಟನ್ನಿನದ್ದು ಏಪ್ರಿಲ್ 6ರಿಂದ. ಹೊರಡುವಾಗ ಅಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಗೆ ದೇಶ ಬಿಡುತ್ತಿದ್ದೇವೆ ಅಂತ ತಿಳಿಸುವ ಪಿ85 ಅರ್ಜಿ ಕೊಡಿ, ಜಾಸ್ತಿ ಕಡಿದ ತೆರಿಗೆ ವಾಪಸ್ ಬರಬಹುದು. ಕೆಲಸದ ಆಫರ್ ಬಂದರೆ ಸಂಬಳ ಸೂಪರ್ ಸೇರಿಯೋ ಸೂಪರ್ ಬಿಟ್ಟೋ ಅಂತ ಕೇಳಿ. ಸೂಪರ್ 12 ಪರ್ಸೆಂಟ್ ಅಂದರೆ ಸಣ್ಣ ಮೊತ್ತ ಅಲ್ಲ.

ಸಾಮಾನು ಸರಂಜಾಮು

ಪ್ಲಗ್ಗಿನ ಆಕಾರ ಬೇರೆ, ಕರೆಂಟು ಒಂದೇ, 230 ವೋಲ್ಟ್. ಅಮೆರಿಕಕ್ಕೆ ಹೋದವರ ಹಾಗೆ ಮಿಕ್ಸಿ, ಗ್ರೈಂಡರ್ ಬಿಟ್ಟು ಬರಬೇಕಾಗಿಲ್ಲ. ದೋಸೆ ಹಿಟ್ಟು ರುಬ್ಬುವ ಗ್ರೈಂಡರನ್ನು ಧಾರಾಳವಾಗಿ ತನ್ನಿ.

ಕಷ್ಟ ಇರುವುದು ಮರ, ಬೀಜ, ಮಣ್ಣಿನ ವಿಷಯದಲ್ಲಿ. ಇಲ್ಲಿನ ಬಯೋಸೆಕ್ಯುರಿಟಿಯವರಿಗೆ ನಮ್ಮ ದೇವರ ಮನೆಯ ಡಬ್ಬಿಯಷ್ಟು ಕುತೂಹಲದ ವಸ್ತು ಬೇರೆ ಇಲ್ಲ. ಅದರಲ್ಲಿ ಏನೇನಿರುತ್ತೆ ನೆನೆಸಿಕೊಳ್ಳಿ: ಅಕ್ಷತೆ, ದರ್ಭೆ, ಒಣಗಿದ ಹೂವು, ರುದ್ರಾಕ್ಷಿ, ಯಾವುದೋ ಕ್ಷೇತ್ರದ ಪ್ರಸಾದ, ಗಂಗಾಜಲದ ತಾಮ್ರದ ಗಿಂಡಿ, ಅಡಿಯಲ್ಲಿ ಒಂದು ಹಿಡಿ ತುಳಸಿ ಬೀಜ. ಒಂದೊಂದಕ್ಕೂ ಒಂದೊಂದು ನಿಯಮ. ಹೊರಡುವ ಮೊದಲು ಡಬ್ಬಿ ಖಾಲಿ ಮಾಡಿ, ವಿಗ್ರಹ, ದೀಪ, ಗಂಟೆ ಮಾತ್ರ ತೊಳೆದು ಒರೆಸಿ ತನ್ನಿ. ಉಳಿದದ್ದು ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಈಳಿಗೆ ಮಣೆ, ಬಿದಿರಿನ ಮೊರ, ದಸರೆಯ ಮರದ ಗೊಂಬೆ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಹಾಕಿ ಪಟ್ಟಿಯಲ್ಲಿ ಬರೆಯಿರಿ. ಹುಳ ಕೊರೆದ ಗುರುತೋ ತೊಗಟೆಯೋ ಇದ್ದರೆ ತರಲೇಬೇಡಿ. ಸೈಕಲ್ಲಿನ ಟೈರು, ಗಾರ್ಡನ್ ಸಲಿಕೆ, ವಾಕಿಂಗ್ ಶೂ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ ಮಣ್ಣು ತೆಗೆಯಿರಿ. ಯಾರ್ಕ್‌ಷೈರಿನ ಕೆಸರಿಗೆ ಇಲ್ಲಿ ಸ್ವಾಗತ ಇಲ್ಲ. ಕೊಳಕು ಕಂಡರೆ ಪೆಟ್ಟಿಗೆ ಬಿಚ್ಚಿ ತೊಳೆಸುತ್ತಾರೆ, ಆ ಖರ್ಚು ನಿಮ್ಮದೇ.

ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಅನುಮಾನ ಬಂದ ಪ್ರತಿಯೊಂದಕ್ಕೂ ಹೌದು ಅಂತ ಟಿಕ್ ಹಾಕಿ. ಹೇಳಿಕೊಂಡರೆ ಹೆಚ್ಚೆಂದರೆ ಸಾರಿನ ಪುಡಿ ಹೋಗುತ್ತದೆ. ಬಚ್ಚಿಟ್ಟರೆ ದಂಡ ಸಾವಿರಗಟ್ಟಲೆ ಡಾಲರ್, ಕೆಲವು ವೀಸಾಗಳಿಗೇ ಕುತ್ತು ಬರಬಹುದು. ಕರಿಬೇವಿನ ಸೊಪ್ಪಿನ ಆಸೆ ಬಿಡಿ. ಗಿಡ ಇಲ್ಲಿನ ನರ್ಸರಿಗಳಲ್ಲೇ ಸಿಗುತ್ತದೆ.

ಮನೆ, ಕಾರು, ಮಕ್ಕಳು

ಬಾಡಿಗೆ ವಾರದ ಲೆಕ್ಕ. ವಾರಕ್ಕೆ 550 ಅಂದರೆ ತಿಂಗಳಿಗೆ 2,200 ಅಲ್ಲ, ಸುಮಾರು 2,383. 52ರಿಂದ ಗುಣಿಸಿ 12ರಿಂದ ಭಾಗಿಸಿ. ಬಾಂಡ್ (ಠೇವಣಿ) ಸಾಮಾನ್ಯವಾಗಿ 4 ವಾರದ ಬಾಡಿಗೆ. ಮನೆಯಲ್ಲಿ ಫ್ರಿಜ್, ವಾಷಿಂಗ್ ಮಷಿನ್ ಇರುವುದಿಲ್ಲ. ಶನಿವಾರ ಬೆಳಗ್ಗೆ ಹದಿನೈದು ನಿಮಿಷದ ಇನ್‌ಸ್ಪೆಕ್ಷನ್‌ಗೆ ಇಪ್ಪತ್ತು ಜನ ಸಾಲು ನಿಂತಿರುತ್ತಾರೆ, ಆಗ ಬ್ರಿಟನ್‌ನ ಲೆಟಿಂಗ್ ಏಜೆಂಟ್ ಬರೆದುಕೊಟ್ಟ ರೆಫರೆನ್ಸ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ದಪ್ಪ ಕೋಟು, ಉಣ್ಣೆ ಹೊದಿಕೆ ದಾನ ಮಾಡಬೇಡಿ. ಮೆಲ್ಬರ್ನ್‌ನ ಜುಲೈನಲ್ಲಿ ಹೊರಗಿಗಿಂತ ಮನೆಯೊಳಗೇ ನಡುಗುತ್ತೀರಿ. ಹಳೇ ಮನೆಗಳಲ್ಲಿ ಒಂದೇ ಪದರದ ಗಾಜು, ಹಾಲ್‌ನಲ್ಲಿ ಒಂದು ಹೀಟರ್, ಮಲಗುವ ಕೋಣೆಯಲ್ಲಿ ಏನೂ ಇಲ್ಲ.

ಬ್ರಿಟನ್‌ನ ಡ್ರೈವಿಂಗ್ ಲೈಸೆನ್ಸ್ ಬಂಗಾರ. ಟೆಸ್ಟ್ ಇಲ್ಲದೆ ಬದಲಾಯಿಸಿ ಕೊಡುತ್ತಾರೆ. ಭಾರತದ ಲೈಸೆನ್ಸ್‌ಗೆ ಆ ಭಾಗ್ಯ ಇಲ್ಲ. ಪಿಆರ್ ಇದ್ದವರಿಗೆ ವಿಕ್ಟೋರಿಯಾದಲ್ಲಿ 6 ತಿಂಗಳು, ನ್ಯೂ ಸೌತ್ ವೇಲ್ಸ್‌ನಲ್ಲಿ 3 ತಿಂಗಳೊಳಗೆ ಮಾಡಿಸಬೇಕು. ಇನ್ಶೂರೆನ್ಸ್ ಕಂಪನಿಯಿಂದ ನೀವು ಕ್ಲೇಮ್ ಮಾಡಿಲ್ಲ ಅನ್ನುವ ನೋ ಕ್ಲೇಮ್ಸ್ ಪತ್ರ ತನ್ನಿ. ಆದರೆ ಮಗುವಿನ ಕಾರ್ ಸೀಟ್ ತರಬೇಡಿ, ಅದಕ್ಕೆ ಎಷ್ಟೇ ದುಡ್ಡು ಕೊಟ್ಟಿದ್ದರೂ. ಆಸ್ಟ್ರೇಲಿಯಾದ ಸ್ಟ್ಯಾಂಡರ್ಡ್ ಮುದ್ರೆ ಇಲ್ಲದ ಸೀಟು ಇಲ್ಲಿ ಕಾನೂನುಬಾಹಿರ.

ಆರೋಗ್ಯದಲ್ಲಿ ಎನ್‌ಎಚ್‌ಎಸ್ ಅಭ್ಯಾಸ ಬಿಡಬೇಕು. ಪಿಆರ್ ಇದ್ದರೆ ಮೆಡಿಕೇರ್ (ಸರ್ಕಾರದ ಆರೋಗ್ಯ ವಿಮೆ) ಸಿಗುತ್ತದೆ, ಆದರೂ ಹಲವು ಡಾಕ್ಟರ್‌ಗಳು ಮೇಲೊಂದಿಷ್ಟು ಶುಲ್ಕ ಪಡೆಯುತ್ತಾರೆ, ಅಪಾಯಿಂಟ್‌ಮೆಂಟ್ ಮಾಡುವಾಗಲೇ ಬಲ್ಕ್ ಬಿಲ್ಲಿಂಗ್ (ಕೈಯಿಂದ ಏನೂ ಕೊಡದೆ ಮೆಡಿಕೇರ್‌ನಲ್ಲೇ ಮುಗಿಯುವುದು) ಇದೆಯಾ ಕೇಳಿ. ಆಂಬ್ಯುಲೆನ್ಸ್ ಮೆಡಿಕೇರ್‌ನಲ್ಲಿ ಇಲ್ಲ. ವಿಕ್ಟೋರಿಯಾದಲ್ಲಿ ಒಂದು ಸಲ ಕರೆದರೆ ಸಾವಿರ ಡಾಲರ್ ದಾಟುತ್ತದೆ. ವರ್ಷದ ಸದಸ್ಯತ್ವ ಇಡೀ ಮನೆಗೆ ನೂರು ಡಾಲರ್ ಆಸುಪಾಸು, ಮೊದಲ ವಾರವೇ ಮಾಡಿಸಿ. 31 ದಾಟಿದವರು ಮೆಡಿಕೇರ್ ಸೇರಿದ 12 ತಿಂಗಳೊಳಗೆ ಖಾಸಗಿ ಆಸ್ಪತ್ರೆ ವಿಮೆ ಮಾಡಿಸುವ ಬಗ್ಗೆ ತೀರ್ಮಾನಿಸಿ, ಆಮೇಲೆ ಮಾಡಿಸಿದರೆ ಪ್ರೀಮಿಯಂ ಮೇಲೆ ಹೆಚ್ಚುವರಿ ಬೀಳುತ್ತದೆ.

ಶಾಲೆ ಶುರುವಾಗುವುದು ಜನವರಿ ಕೊನೆಯಲ್ಲಿ. ವಿಕ್ಟೋರಿಯಾದಲ್ಲಿ ಪ್ರೆಪ್‌ಗೆ (ಶಾಲೆಯ ಮೊದಲ ವರ್ಷ) ಏಪ್ರಿಲ್ 30ಕ್ಕೆ 5 ತುಂಬಬೇಕು. ಬ್ರಿಟನ್‌ನಲ್ಲಿ ನಾಲ್ಕಕ್ಕೇ ಅಲ್ಲಿನ ಮೊದಲ ತರಗತಿ ರಿಸೆಪ್ಷನ್ ಸೇರಿದ ಮಗು ಇಲ್ಲಿ ಒಂದು ತರಗತಿ ಹಿಂದೆ ಬಂತು ಅಂತ ಅಜ್ಜಿ ತಾತ ಬೇಜಾರು ಮಾಡಿಕೊಳ್ಳುತ್ತಾರೆ, ಮಗುವಿಗೆ ಏನೂ ಆಗಲ್ಲ. ಶಾಲೆಯಲ್ಲಿ ಊಟ ಕೊಡಲ್ಲ, ದಿನಾ ಡಬ್ಬಿ ಕಟ್ಟಬೇಕು. ಅನೇಕ ಶಾಲೆಗಳು ಶೇಂಗಾ ತರಬೇಡಿ ಅನ್ನುತ್ತವೆ, ಚಿತ್ರಾನ್ನಕ್ಕೆ ಕಡಲೆಬೇಳೆಯೇ ಗತಿ. ಟೋಪಿ ಮರೆತರೆ ಆಟಕ್ಕೆ ಬಿಡಲ್ಲ.

ಅಪ್ಪ ಅಮ್ಮನ ವಿಷಯ

ಇದನ್ನೇ ಲೆಕ್ಕ ಹಾಕಿ ಬರುವವರು ಜಾಸ್ತಿ. ಬ್ರಿಟನ್‌ಗೆ ತಂದೆ ತಾಯಿಯನ್ನು ಖಾಯಂ ಕರೆಸುವುದು ಹೆಚ್ಚು ಕಡಿಮೆ ಅಸಾಧ್ಯ, ಆಸ್ಟ್ರೇಲಿಯಾದಲ್ಲಿ ಪೇರೆಂಟ್ ವೀಸಾ ಇದೆಯಲ್ಲ ಅಂತ. ಇದೆ. ಆದರೆ ಖಾಯಂ ವೀಸಾಗೆ ಮಕ್ಕಳ ಲೆಕ್ಕ ನೋಡುತ್ತಾರೆ. ಇಬ್ಬರು ಮಕ್ಕಳಲ್ಲಿ ಒಬ್ಬರು ಇಲ್ಲಿ ನೆಲೆಸಿದ್ದರೆ ಸಾಕು, ಮೂವರಲ್ಲಿ ಇಬ್ಬರು ಬೆಂಗಳೂರಿನಲ್ಲಿದ್ದರೆ ಆಗಲ್ಲ. ದುಡ್ಡು ಕಟ್ಟುವ ಕಾಂಟ್ರಿಬ್ಯೂಟರಿ ವೀಸಾಗೂ ಒಬ್ಬರಿಗೆ 40 ಸಾವಿರ ಡಾಲರ್ ದಾಟುತ್ತದೆ, ಸರದಿ ಹತ್ತು ವರ್ಷಕ್ಕೂ ಮೇಲೆ. ಕಟ್ಟದ ವೀಸಾದ ಸರದಿ ಮುಗಿಯುವುದನ್ನು ಅವರು ನೋಡುವುದು ಕಷ್ಟ. 870 ಎಂಬ ತಾತ್ಕಾಲಿಕ ವೀಸಾಗೆ ಮಕ್ಕಳ ಲೆಕ್ಕ ಇಲ್ಲ, 3 ಅಥವಾ 5 ವರ್ಷ ಇರಬಹುದು. ಹೊಸಬರಿಗೆ ತಕ್ಷಣ ಕೈಗೆಟುಕುವುದು ಮಾತ್ರ ವಿಸಿಟರ್ ವೀಸಾ.

870ರಲ್ಲಿ ಬಂದರೂ ವಿಸಿಟರ್ ವೀಸಾದಲ್ಲಿ ಬಂದರೂ ಅವರಿಗೆ ಮೆಡಿಕೇರ್ ಇಲ್ಲ ಅಂತಲೇ ಲೆಕ್ಕ ಇಟ್ಟುಕೊಂಡು ವಿಮೆ ಮಾಡಿಸಿ. ಬಿಪಿ, ಶುಗರ್ ಇದ್ದದ್ದನ್ನು ಫಾರಂನಲ್ಲಿ ಮುಚ್ಚಿಡಬೇಡಿ, ಕ್ಲೇಮ್ ಮಾಡುವಾಗ ಅದೇ ಎದ್ದು ಬರುತ್ತದೆ. ಕ್ವಾಂಟಸ್ 2022ರಲ್ಲಿ ಬೆಂಗಳೂರು–ಸಿಡ್ನಿ ನೇರ ವಿಮಾನ ಶುರು ಮಾಡಿದ ಮೇಲೆ ವಯಸ್ಸಾದವರಿಗೆ ಬರುವುದು ಸುಲಭವಾಗಿದೆ. ಮೆಲ್ಬರ್ನ್‌ಗೆ ಬರುವವರು ಸಿಡ್ನಿಯಲ್ಲಿ ಬ್ಯಾಗು ತೆಗೆದುಕೊಂಡು ಒಳನಾಡಿನ ಟರ್ಮಿನಲ್‌ಗೆ ಹೋಗಬೇಕು, ಅದಕ್ಕೆ ವೀಲ್‌ಚೇರ್ ಸಹಾಯವನ್ನು ಟಿಕೆಟ್ ಮಾಡುವಾಗಲೇ ಕೇಳಿ. ನಡೆಯಲು ಬರುವವರಾದರೂ ಕೇಳಿ. ದಾರಿ ತೋರಿಸುವುದರ ಜೊತೆಗೆ ಕಾರ್ಡ್ ತುಂಬುವುದಕ್ಕೂ ಒಬ್ಬರು ಜೊತೆಗಿರುತ್ತಾರೆ, ಮತ್ತು ಅಮ್ಮನ ಬ್ಯಾಗಿನಲ್ಲಿ ನೀವು ಬೇಡ ಅಂದಿದ್ದ ಉಪ್ಪಿನಕಾಯಿ ಇದ್ದೇ ಇರುತ್ತದೆ.