ಹೊಸಬರಿಗೆ ಮಾರ್ಗದರ್ಶಿ: ಬಾಡಿಗೆ ಮನೆಯ ಬೀಗ ಯಾವ ಕಂಪನಿಯದು?

ಕೊಡಗಿಗೆ ವರ್ಗವಾಗಿ ಬಂದವರಿಗೆ ಮನೆ ಸಿಕ್ಕ ದಿನವೇ ಒಂದು ಕೀ ಗೊಂಚಲು ಕೈಗೆ ಬರುತ್ತದೆ. ಯಾವ ಕೀ ಯಾವ ಬಾಗಿಲಿಗೆ ಅಂತ ಓನರಿಗೂ ಸರಿಯಾಗಿ ನೆನಪಿರುವುದಿಲ್ಲ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಹಳೇ ಮನೆಗಳಲ್ಲಿ ಮುಂಬಾಗಿಲಿಗೆ ಒಂದು ಕಾಲದ ಬೀಗ, ಹಿತ್ತಿಲ ಬಾಗಿಲಿಗೆ ಇನ್ನೊಂದು ಕಾಲದ್ದು. ಕೀ ಕಳೆದು ಅಂಗಡಿಗೆ ಹೋದರೆ ಅವರು ಕೇಳುವ ಮೊದಲ ಮಾತು "ಯಾವ ಕಂಪನಿ?" ಅಂತ. ಆ ಪ್ರಶ್ನೆಗೆ ಉತ್ತರ ಮಳೆಗಾಲಕ್ಕೆ ಮುಂಚೆಯೇ ಬರೆದಿಟ್ಟುಕೊಳ್ಳಿ. ಜುಲೈ ಮಳೆಯಲ್ಲಿ ಜಗಲಿ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹುಡುಕುವ ಕೆಲಸ ಅಲ್ಲ ಇದು.

ಮೊದಲು, ಬೀಗ ನಿಜವಾಗಿ ಕೆಟ್ಟಿದೆಯಾ?

ಬಯಲುಸೀಮೆಯಿಂದ ಬಂದವರು ಇಲ್ಲೇ ಎಡವುತ್ತಾರೆ. ಇಲ್ಲಿಯ ತೇವಕ್ಕೆ ಮರದ ಬಾಗಿಲು ಉಬ್ಬುತ್ತದೆ. ಬೀಗದ ನಾಲಿಗೆ ಚೌಕಟ್ಟಿನ ತೂತಿಗೆ ಸರಿಯಾಗಿ ಕೂರುವುದಿಲ್ಲ. ಆಗ ಕೀ ಬಿಗಿಯಾಗುತ್ತದೆ, ನಾವು ಬೀಗವನ್ನು ಬೈಯುತ್ತೇವೆ. ಬಾಗಿಲು ಪೂರ್ತಿ ತೆರೆದಿಟ್ಟು ಕೀ ತಿರುಗಿಸಿ ನೋಡಿ. ನಾಲಿಗೆ ಸಲೀಸಾಗಿ ಹೊರಗೆ ಬಂದು ಒಳಗೆ ಹೋದರೆ ಬೀಗ ಚೆನ್ನಾಗಿದೆ ಅಂತಲೇ ಅರ್ಥ. ಬಡಗಿಯನ್ನು ಕರೆಸಿ, ಆದರೆ ಮಳೆಯಲ್ಲಿ ಜಾಸ್ತಿ ತೋಪಡ ಹೊಡೆಸಬೇಡಿ. ಬೇಸಿಗೆಯಲ್ಲಿ ಅದೇ ಬಾಗಿಲು ಕುಗ್ಗಿ ಸಂದು ಬಿಡುತ್ತದೆ.

ಹೆಸರು ಎಲ್ಲಿ ಹುಡುಕಬೇಕು

ಎಲ್ಲರೂ ಕೀ ಮೇಲಿನ ಹೆಸರು ಓದುತ್ತಾರೆ. ಅದನ್ನು ನಂಬಬೇಡಿ. ನಿಮ್ಮ ಕೈಲಿರುವುದು ಹಿಂದಿನ ಬಾಡಿಗೆಯವರು ಮಾಡಿಸಿದ ನಕಲಿ ಕೀ ಇರಬಹುದು. ಅದರ ಮೇಲೆ ಇರುವುದು ಹಲ್ಲು ಕೊರೆಯದ ಖಾಲಿ ಕೀ ತಯಾರಿಸಿದವರ ಹೆಸರು, ಬೀಗದವರದ್ದಲ್ಲ. ಹಿಡಿಯ ಮೇಲಿನ ಹೆಸರೂ ಹಾಗೇ. ಹಿಡಿ ಒಂದು ಕಂಪನಿಯದು, ಒಳಗಿನ ಬೀಗ ಇನ್ನೊಂದರದು ಆಗಿರುವುದು ಮಾಮೂಲು.

ನೋಡಬೇಕಾದದ್ದು ಬಾಗಿಲಿನ ಅಂಚು. ಬಾಗಿಲು ತೆರೆದರೆ ದಪ್ಪದ ಭಾಗದಲ್ಲಿ ಒಂದು ಉದ್ದನೆಯ ಲೋಹದ ಪಟ್ಟಿ ಕಾಣುತ್ತದೆ, ನಾಲಿಗೆ ಹೊರಬರುವುದು ಅದರಿಂದಲೇ. ಹೆಸರು ಕೊರೆಯುವುದು ಹೆಚ್ಚಾಗಿ ಅಲ್ಲೇ. ಬಾಗಿಲ ಒಳಮೈಗೆ ಡಬ್ಬಿಯಂತೆ ಹೊಡೆದ ಬೀಗವಾದರೆ ಡಬ್ಬಿಯ ಮೇಲೆ, ಇಲ್ಲದಿದ್ದರೆ ಬಿಚ್ಚಿದ ಮೇಲೆ ಹಿಂಬದಿಯಲ್ಲಿ ಹುಡುಕಿ.

ಪಟ್ಟಿಗೆ ಬಣ್ಣ ಬಳಿದಿದ್ದರೆ ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಒರೆಸಿ. ಉಪ್ಪು ಕಾಗದ ಖಂಡಿತ ಬೇಡ, ಬಣ್ಣದ ಜೊತೆ ಅಕ್ಷರವೂ ಹೋಗುತ್ತದೆ. ಹಿತ್ತಾಳೆಯಾದರೆ ಹುಣಸೆಹಣ್ಣು ಸಾಕು, ಆಮೇಲೆ ಚೆನ್ನಾಗಿ ಒಣಗಿಸಿ. (ಹುಳಿ ಅಂತ ಕೊಡಗಿನ ಕಪ್ಪು ವಿನೆಗರ್ ಕಾಚಂಪುಳಿ ಸುರಿಯಬೇಡಿ, ಅದು ಪಂದಿಕರಿಗೆ, ಅಂದರೆ ಹಂದಿ ಸಾರಿಗೆ ಇರಲಿ.) ಅಕ್ಷರ ಸವೆದಿದ್ದರೆ ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಬಿಡಿ. ಅಥವಾ ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿ. ಕಣ್ಣಿಗೆ ಕಾಣದ್ದು ಕಾಗದದ ಮೇಲೆ ಬರುತ್ತದೆ.

ಕೀ ತೂತಿನ ಜಾಗದಲ್ಲಿ ಉದ್ದನೆಯ ಸಿಲಿಂಡರ್ ಇದ್ದರೆ ಅದನ್ನು ಹೊರಗೆ ತೆಗೆದೇ ನೋಡಬಹುದು. ಬಾಗಿಲು ತೆರೆದಿಟ್ಟುಕೊಂಡು, ಅಂಚಿನ ಪಟ್ಟಿಯಲ್ಲಿ ಸಿಲಿಂಡರಿನ ಮಟ್ಟಕ್ಕಿರುವ ಉದ್ದ ಸ್ಕ್ರೂ ಬಿಚ್ಚಿ. ಕೀ ಹಾಕಿ ಚೂರೇ ಚೂರು ತಿರುಗಿಸಿ ಎಳೆಯಿರಿ. ಬರದಿದ್ದರೆ ತಿರುಗಿಸಿದ್ದು ಹೆಚ್ಚೋ ಕಡಿಮೆಯೋ ಆಗಿದೆ, ಗುದ್ದಬೇಡಿ.

ಹೆಸರಲ್ಲದ ಹೆಸರುಗಳು

"ಪೇಟೆಂಟ್", "6 ಲಿವರ್ಸ್", "ಹಾರ್ಡನ್ಡ್", "ಡಬಲ್ ಲಾಕಿಂಗ್" ಇವು ಯಾವುವೂ ಕಂಪನಿಯಲ್ಲ. ಪೇಟೆಂಟ್ ಕಂಪನಿಯ ಬೀಗ ಕೊಡಿ ಅಂತ ಕೇಳಿದರೆ ಅಂಗಡಿಯವರು ನಗುತ್ತಾರೆ. ಅಲಿಗಢ, ದಿಂಡಿಗಲ್ ಬೀಗಕ್ಕೆ ಹೆಸರಾದ ಊರುಗಳು. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ಊರು ಗೊತ್ತಾದರೆ ಅರ್ಧ ದಾರಿ ಸಾಗಿತು, ತಯಾರಕರು ಇನ್ನೂ ಸಿಕ್ಕಿಲ್ಲ. ಗೋದ್ರೆಜ್ 1897ರಿಂದ ಬೀಗ ಮಾಡುತ್ತಿರುವ ಮನೆತನ, ಹಾಗಾಗಿ ಹೆಸರಿಗೆ ಹತ್ತಿರದ ನಕಲುಗಳೂ ಇವೆ. ಒಂದೊಂದೇ ಅಕ್ಷರ ಓದಿ.

ಐಎಸ್‌ಐ ಗುರುತಿದ್ದರೆ ಅದೃಷ್ಟ. ಅದರ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಪರವಾನಗಿ ನಂಬರ್ ಇರುತ್ತದೆ. ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ತಯಾರಕರ ಹೆಸರು ಬರುತ್ತದೆ.

ಹಳೇ ಎಸ್ಟೇಟ್ ಬಂಗಲೆ ಸಿಕ್ಕವರಿಗೆ

ಚಬ್, ಯೂನಿಯನ್, ಹಾಬ್ಸ್ ಅಂತ ಇದ್ದರೆ ಅದು ಇಂಗ್ಲೆಂಡಿನ ಬೀಗ. ವಿಲನ್‌ಹಾಲ್, ವುಲ್ವರ್‌ಹ್ಯಾಂಪ್ಟನ್ ಅಂತಿದ್ದರೆ ಅವೂ ಅಲ್ಲಿಯ ಬೀಗದೂರುಗಳು. ಚಬ್‌ನ ಡಿಟೆಕ್ಟರ್ ಬೀಗ 1818ರ ಹೊಳಹು. ತಪ್ಪು ಕೀ ಹಾಕಿ ತಿರುಗಿಸಿದರೆ ಬೇಕೆಂದೇ ಸಿಕ್ಕಿಕೊಳ್ಳುತ್ತದೆ, ಯಾರೋ ಕೈ ಹಾಕಿದ್ದಾರೆ ಅಂತ ಮಾಲೀಕನಿಗೆ ತಿಳಿಯಲಿ ಅಂತ. ಅಂಥದ್ದು ಸಿಕ್ಕಿಕೊಂಡರೆ ಸರಿಯಾದ ಕೀ ಹಾಕಿ ಒಮ್ಮೆ ಉಲ್ಟಾ ತಿರುಗಿಸಿ, ಆಮೇಲೆ ಎಂದಿನಂತೆ ತೆರೆಯಿರಿ. ಇಂಥ ಬೀಗ ಒಡೆಸಿ ಹೊಸದು ಹಾಕಿಸುವ ಯೋಚನೆ ಬಂದರೆ ದಯವಿಟ್ಟು ಮೊದಲು ಈ ಮಾರ್ಗದರ್ಶಿ ಬರೆದ ನಮ್ಮ ಸಂಘದವರಿಗೆ ಫೋನ್ ಮಾಡಿ. ಬೀಟೆ ಮರದ ಬಾಗಿಲಿಗೆ ಡ್ರಿಲ್ ಹಾಕಿಸಿದ ಬಾಡಿಗೆಯವರಿಂದ ನಮ್ಮೆಲ್ಲರ ಹೆಸರೂ ಕೆಡುತ್ತದೆ. ಮುಂದೆ ಬರುವ ಕನ್ನಡದ ಕುಟುಂಬಕ್ಕೆ ಮನೆ ಸಿಗಬೇಕಲ್ವಾ?

ಹೆಸರು ಸಿಗದಿದ್ದರೆ ಅಂಗಡಿಗೆ ಒಯ್ಯಬೇಕಾದ್ದು

ಬಾಗಿಲಿನ ದಪ್ಪ
ಅಂಚಿನ ಪಟ್ಟಿಯ ಉದ್ದ, ಅಗಲ
ಅಂಚಿನಿಂದ ಕೀ ತೂತಿನ ನಡುವಿಗೆ ಎಷ್ಟು
ಹಿಡಿಯ ನಡುವಿನಿಂದ ಕೀ ತೂತಿನ ನಡುವಿಗೆ ಎಷ್ಟು
ಸಿಲಿಂಡರ್ ಆದರೆ ಸ್ಕ್ರೂ ತೂತಿನಿಂದ ಎರಡೂ ತುದಿಗೆ ಬೇರೆ ಬೇರೆ ಅಳತೆ
ಎಲ್ಲ ಮಿಲಿಮೀಟರಿನಲ್ಲಿ. ಇಂಚು, ಗೇಣು ಬೇಡ.

ಇಷ್ಟು ಹೇಳಿದರೂ ಕೇಳದವರಿಗೆ

ಬೀಗದೊಳಗೆ ಕೊಬ್ಬರಿ ಎಣ್ಣೆ ಬಿಡಬೇಡಿ. ಊರಲ್ಲಿ ಅಜ್ಜಿ ಬಿಡುತ್ತಿದ್ದರು, ಗೊತ್ತು. ಇಲ್ಲಿಯ ಚಳಿಗೆ ಅದು ಗಟ್ಟಿಯಾಗಿ ಧೂಳು ಹಿಡಿಯುತ್ತದೆ. ಸಿಲಿಂಡರ್ ಬೀಗಕ್ಕೆ ಪೆನ್ಸಿಲ್ ಸೀಸದ ಪುಡಿ ಸಾಕು, ಅದೂ ಚಿಟಿಕೆಯಷ್ಟು.

ಇನ್ನೊಂದು, ಪ್ರತಿ ವರ್ಷ ಹೇಳುತ್ತೇವೆ, ಪ್ರತಿ ವರ್ಷ ಯಾರಾದರೂ ಮಾಡುತ್ತಾರೆ. "ಈ ಬೀಗ ಯಾವುದು ಅಂತ ಹೇಳಿ" ಎಂದು ಕೀ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದು. ಹಲ್ಲು ಸ್ಪಷ್ಟವಾಗಿ ಕಾಣುವ ಫೋಟೊ ಇದ್ದರೆ ಗೊತ್ತಿದ್ದವರು ಅದರಿಂದಲೇ ಇನ್ನೊಂದು ಕೀ ಕೊರೆಯಬಹುದು. ಕೀ ಮೇಲಿನ ನಂಬರ್ ಕೂಡ ಸುಮ್ನೆ ಅಲ್ಲ, ಕೆಲವು ಕಂಪನಿಯವರು ಅದರಿಂದಲೇ ಕೀ ಮಾಡಿಕೊಡುತ್ತಾರೆ. ಬಾಗಿಲಿನ ಅಂಚಿನ ಫೋಟೊ ಹಾಕಿ, ಬೇಕಾದಷ್ಟು ಹಾಕಿ.

ಸಿಲಿಂಡರ್ ಬದಲಿಸುವುದಾದರೆ ಓನರ್‌ಗೆ ಮೊದಲೇ ಮೆಸೇಜ್ ಮಾಡಿ ಒಪ್ಪಿಗೆ ತೆಗೆದುಕೊಳ್ಳಿ. ಹಳೇ ಸಿಲಿಂಡರ್, ಅದರ ಸ್ಕ್ರೂ, ಎಲ್ಲ ಕೀಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಮೇಲೆ ಯಾವ ಬಾಗಿಲಿನದು ಅಂತ ಬರೆದಿಡಿ. ಮನೆ ಬಿಡುವ ದಿನ ಅದನ್ನೇ ಮತ್ತೆ ಹಾಕಿ ಕೊಟ್ಟರೆ ಅಡ್ವಾನ್ಸ್‌ನಲ್ಲಿ ಹಿಡಿಯಲು ಅವರಿಗೂ ಏನೂ ಇರುವುದಿಲ್ಲ.