ಗುಜರಿ ಮೂಟೆಯಿಂದ ಬಂದ ಕಾರುಗಳು

ನನ್ನ ಬೀರುವಿನಲ್ಲಿ ಈಗ 140 ಪುಟಾಣಿ ಕಾರುಗಳಿವೆ. ಅರ್ಧಕ್ಕಿಂತ ಜಾಸ್ತಿ ತುಮಕೂರಿನ ಗುಜರಿ ಅಂಗಡಿಗಳಲ್ಲಿ ಸಿಕ್ಕಿದವು. ಹೊಸ ಕಾರು ತಂದು ಪ್ಯಾಕೆಟ್ ಕೂಡ ಒಡೆಯದೆ ಇಡುವವರು ತುಂಬಾ ಜನ ಇದ್ದಾರೆ. ನನಗೆ ಮಾತ್ರ ಮಕ್ಕಳು ಆಡಿ ಬಿಟ್ಟ ಕಾರೇ ಇಷ್ಟ.

ಭಾನುವಾರ ಬೆಳಿಗ್ಗೆ ಹೋದರೆ ಅಂಗಡಿ ಯಜಮಾನರು "ಬನ್ನಿ ಮೇಷ್ಟ್ರೇ, ನಿಮ್ಮ ಮೂಟೆ ಇಟ್ಟಿದ್ದೀನಿ" ಅನ್ನುತ್ತಾರೆ. ಪ್ಲಾಸ್ಟಿಕ್ ರಾಶಿಯಲ್ಲಿ ಕೈ ಆಡಿಸುವಾಗ ಡೈಕಾಸ್ಟ್ ಕಾರು ತೂಕದಿಂದಲೇ ಗೊತ್ತಾಗುತ್ತದೆ. ಕರಗಿಸಿದ ಸತುವಿನ ಮಿಶ್ರಲೋಹವನ್ನು ಒತ್ತಡದಲ್ಲಿ ಅಚ್ಚಿಗೆ ತುಂಬಿ ಮಾಡಿದ ಮೈ ಅದು. ಮೇಲ್ಛಾವಣಿಗೆ ಆಯಸ್ಕಾಂತ ಹಿಡಿದರೆ ಅಂಟುವುದಿಲ್ಲ.

ಆಮೇಲೆ ಮಗುಚಿ ತಳ ನೋಡುತ್ತೇನೆ. ಮೊದಮೊದಲು ತಳದಲ್ಲಿದ್ದ ವರ್ಷ ನೋಡಿ ಏಮಾರಿದ್ದೆ. ಹಾಟ್ ವೀಲ್ಸ್ ಅನ್ನೋ ಆಟಿಕೆ ಕಾರಿನ ಬ್ರ್ಯಾಂಡ್ ಶುರುವಾಗಿದ್ದು 1968ರಲ್ಲಿ. ಹಾಗಾಗಿ ತಳದಲ್ಲಿ ಹಳೇ ವರ್ಷ ಕಂಡರೆ ಕೈ ನಡುಗುತ್ತಿತ್ತು. ಆದರೆ ಅಲ್ಲಿರುವುದು ಆ ಮಾದರಿಯ ಕಾಪಿರೈಟ್ ವರ್ಷ. ನಮ್ಮ ಕೈಲಿರುವ ಕಾರು ಎಷ್ಟೋ ವರ್ಷ ಆದಮೇಲೆ ತಯಾರಾಗಿರಬಹುದು.

ನಿಜವಾದ ಖುಷಿ ಇರುವುದು ರಿಪೇರಿಯಲ್ಲಿ. ಮೈಯನ್ನೂ ತಳವನ್ನೂ ಹಿಡಿದಿರುವುದು ರಿವೆಟ್, ಅಂದರೆ ತುದಿ ಚಪ್ಪಟೆ ಮಾಡಿದ ಲೋಹದ ಗೂಟ. ಅದರ ನಡುಮಧ್ಯೆ ಪಂಚ್‌ನಿಂದ ಒಂದು ಗುಳಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಡ್ರಿಲ್ ಜಾರುತ್ತದೆ. ರಿವೆಟ್ಟಿನ ತಲೆ ಹೋಗುವಷ್ಟು ಮಾತ್ರ ನಿಧಾನವಾಗಿ ಕೊರೆಯಬೇಕು. ತಳ ಕಳಚಿದ ಮೇಲೆ ಗಾಜು, ಸೀಟು, ಚಕ್ರ ಎಲ್ಲವನ್ನೂ ತೆಗೆದು ಒಂದು ಡಬ್ಬಿಗೆ ಹಾಕಿ. ನನ್ನ ಮೊದಲ ಕಾರಿನಲ್ಲಿ ಗಾಜು ತೆಗೆಯದೆ ಪೇಂಟ್ ರಿಮೂವರ್ ಹಚ್ಚಿಬಿಟ್ಟೆ. ಪ್ಲಾಸ್ಟಿಕ್ ಗಾಜು ಬೆಳ್ಳಗಾಗಿ, ಮುದುಡಿ, ಮೈಗೆ ಅಂಟಿಕೊಂಡಿತು. ಆ ಕಾರು ಉಳಿಯಲಿಲ್ಲ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಬಣ್ಣ ಎದ್ದಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪುನೀರಲ್ಲಿ ತಿಕ್ಕಿ ಚೆನ್ನಾಗಿ ಒಣಗಿಸುತ್ತೇನೆ. ಮೊದಲು ಪ್ರೈಮರ್ ಅನ್ನೋ ತಳಬಣ್ಣ ಹೊಡೆಯದಿದ್ದರೆ ಸತುವಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಉಗುರು ತಾಗಿದರೂ ಏಳುತ್ತದೆ. ಸ್ಪ್ರೇ ತೆಳುವಾಗಿ ಮೂರು ಸಲ ಹೊಡೆಯುತ್ತೇನೆ. ಒಂದೇ ಸಲ ದಪ್ಪಗೆ ಹೊಡೆದರೆ ಬಾಗಿಲಿನ ಗೆರೆ, ಬಾನೆಟ್ ಗೆರೆ ಎಲ್ಲ ಮುಚ್ಚಿಹೋಗುತ್ತವೆ. ಅವೇ ಅಲ್ವಾ ಕಾರಿನ ಚೆಂದ! ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಮಸುಕಾದ ಗಾಜನ್ನು ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಸಾಕಷ್ಟು ತಿಳಿಯಾಗುತ್ತದೆ. ಕೊನೆಗೆ ರಿವೆಟ್ ಇದ್ದ ಕಂಬದಲ್ಲಿ 1.6 ಮಿಲಿಮೀಟರ್ ತೂತು ಕೊರೆದು, 2 ಮಿಲಿಮೀಟರ್ ಟ್ಯಾಪ್ ಅನ್ನೋ ಸಾಧನದಿಂದ ತೂತಿನೊಳಗೆ ಸ್ಕ್ರೂ ಹಿಡಿಯುವ ಸುರುಳಿ ಗೆರೆ ಮಾಡಿ, ಸ್ಕ್ರೂ ಹಾಕುತ್ತೇನೆ. ಮತ್ತೆ ಬೇಕಾದಾಗ ಸುಲಭವಾಗಿ ಬಿಚ್ಚಬಹುದು.

ಎಲ್ಲ ಕಾರಿಗೂ ಬಣ್ಣ ಹೊಡೆಯುವುದು ತಪ್ಪು ಅಂತ ನನಗನ್ನಿಸುತ್ತದೆ. ಹೋದ ವರ್ಷ ಒಂದು ಕೆಂಪು ಕಾರು ಸಿಕ್ಕಿತು. ಮೂಲೆಗಳಲ್ಲಿ ಬಣ್ಣ ಸವೆದು ಲೋಹ ಹೊಳೆಯುತ್ತಿತ್ತು. ತಳದಲ್ಲಿ ಯಾರೋ ಮೊಳೆಯಿಂದ "ಮ" ಎಂದು ಗೀಚಿದ್ದರು. ಅದನ್ನು ಬರೀ ಸೋಪುನೀರಲ್ಲಿ ತೊಳೆದು, ಚಕ್ರಕ್ಕೆ ಒಂದು ಹನಿ ಎಣ್ಣೆ ಬಿಟ್ಟು, ಬೀರುವಿನ ಮೊದಲ ಸಾಲಿನಲ್ಲಿ ಇಟ್ಟಿದ್ದೇನೆ.